ತಿಂಗಳು ತುಂಬದ ಮಗು ಮತ್ತು ಮುಟ್ಟೋಕೆ ಹೆದರೋ ಅಮ್ಮ: ನನ್ನ ಅನುಭವ

ನಾನು ಎನ್‌ಐಸಿಯುನಲ್ಲಿ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಸ್ಟಾಫ್ ನರ್ಸ್. 30 ವಾರಕ್ಕೇ ಹೆರಿಗೆ ಆದ ಅಮ್ಮಂದಿರಲ್ಲಿ ತುಂಬಾ ಜನ ಮೊದಲ ಸಲ ಒಳಗೆ ಬಂದಾಗ ಮಗು ಮುಖ ನೋಡೋದೇ ಇಲ್ಲ, ಮಾನಿಟರ್ ನೋಡ್ತಾ ನಿಂತ್ಬಿಡ್ತಾರೆ. ಕೆಲವರಂತೂ ಮೆಲ್ಲಗೆ "ಸಿಸ್ಟರ್, ಇದು ನನ್ನ ಮಗು ಅಂತಾನೇ ಅನ್ನಿಸ್ತಿಲ್ಲ" ಅಂತಾರೆ. ಅದನ್ನ ಕೇಳಿ "ತಾಯಿ ಆಗಿ ಹಿಂಗಂತಾರಾ" ಅನ್ನೋರ್ನ ಕಂಡ್ರೆ ನಂಗೆ ಸಿಟ್ಟು ಬರತ್ತೆ, ಒಂದು ಕೆ.ಜಿ. ಚಿಲ್ಲರೆ ತೂಕದ ಕೂಸು, ಮೈತುಂಬಾ ಪೈಪು, ಯಾರಿಗೆ ಹೆದರಿಕೆ ಆಗಲ್ಲ ಹೇಳಿ. ಹಂಗಾಗಿ ನಾನು ಮೊದಲು ಅಮ್ಮನ ಕೈಗೆ ಕೆಲಸ ಕೊಡ್ತೀನಿ, ಮಮತೆ ಅದರ ಹಿಂದೆ ಬರತ್ತೆ.

ಮೊದಲ ಕೆಲಸ ಹಾಲು ಹಿಂಡೋದು, 2-3 ಗಂಟೆಗೊಂದ್ಸಲ, ರಾತ್ರಿನೂ. ಶುರುವಿಗೆ ಬರೋದು ಕೆಲವೇ ಹನಿ ಹಳದಿ ಹಾಲು, ಅದನ್ನ ಅವರ ಎದುರಿಗೇ ಮಗು ಕೆನ್ನೆ ಒಳಗೆ ಹಚ್ತೀನಿ. ಚೀಪೋದು, ನುಂಗೋದು, ಉಸಿರಾಡೋದು ಮೂರೂ ಒಟ್ಟಿಗೆ ಹೊಂದಿಕೊಳ್ಳೋಕೆ ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರ ಆಗ್ಬೇಕು, ಅಲ್ಲಿವರೆಗೆ ಟ್ಯೂಬು, ಆಮೇಲೆ ಒಳಲೆ. ಟ್ಯೂಬಲ್ಲಿ ಹಾಕುವಾಗ ಪಕ್ಕದಲ್ಲೇ ನಿಂತು ಸಿರಿಂಜ್ ಅಮ್ಮನ ಕೈಲೇ ಹಿಡಿಸ್ತೀನಿ.

ಆಮೇಲೆ ಮುಟ್ಟೋದು. ಎಲ್ಲರೂ ಬೆರಳಲ್ಲಿ ಸವರೋಕೆ ಹೋಗ್ತಾರೆ, ಇಷ್ಟು ಚಿಕ್ಕ ಮಕ್ಕಳಿಗೆ ಅದು ಹಿಂಸೆ. ಒಂದು ಅಂಗೈ ತಲೆ ಮೇಲೆ, ಇನ್ನೊಂದು ಮಡಚಿದ ಪಾದದ ಹತ್ರ, ಅಲುಗಾಡಿಸದೆ ಸುಮ್ನೆ ಇಟ್ಕೊಳಿ ಅಂತೀನಿ. ಮಗು ಬೆರಳು ಅಗಲಿಸಿದ್ರೆ, ಬಿಕ್ಕಳಿಸಿದ್ರೆ, ಮುಖ ತಿರುಗಿಸಿದ್ರೆ ಸಾಕು ಅಂತ ಅರ್ಥ. ಇದನ್ನ ಓದೋಕೆ ಬಂದ್ಮೇಲೆ ಅಮ್ಮ ಮಾನಿಟರ್ ಕಡೆ ನೋಡೋದು ತಾನಾಗೇ ಕಮ್ಮಿ ಆಗತ್ತೆ.

ಡಾಕ್ಟರ್ ಒಪ್ಪಿದ ಕೂಡ್ಲೇ ಕಾಂಗರೂ ಕೇರ್, ಅಂದ್ರೆ ಮಗುನ ಬರಿ ಮೈಗೆ ಮೈ ತಾಗೋ ಹಂಗೆ ಎದೆ ಮೇಲೆ ಇಟ್ಕೊಳೋದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾಗಿದ್ದು ಇದು, ಈಗ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ದಿನಕ್ಕೆ 8ರಿಂದ 24 ಗಂಟೆ ಮಾಡಿ ಅನ್ನತ್ತೆ. ಮುಂದೆ ಬಿಚ್ಚೋ ನೈಟಿ, ಮಗುಗೆ ಟೋಪಿ, ಸಾಕ್ಸ್, ಡೈಪರ್ ಅಷ್ಟೇ, ಎದೆಗೆ ಎದೆ, ಕಾಲು ಕಪ್ಪೆ ಥರ, ತಲೆ ಒಂದು ಪಕ್ಕಕ್ಕೆ, ಮೂಗು ಕಾಣ್ತಿರ್ಬೇಕು, ಒಂದ್ಸಲ ಮಲಗಿಸಿದ್ರೆ ಕನಿಷ್ಠ ಒಂದು ಗಂಟೆ.

ನಿಜವಾದ ತಡೆ ಮನೆಯವರದ್ದು. ಬಾಣಂತಿ ಓಡಾಡಬಾರ್ದು, ಗಾಳಿ ತಗಲತ್ತೆ ಅಂತ ಮಗುನ ಇಲ್ಲೇ ಬಿಟ್ಟು ತವರಿಗೆ ಕರ್ಕೊಂಡು ಹೋಗಿಬಿಡ್ತಾರೆ. ಅಜ್ಜಿಯರ ಜೊತೆ ವಾದ ಮಾಡಲ್ಲ ನಾನು, ಕಿವಿಗೆ ಹತ್ತಿ ಇರ್ಲಿ, ತಲೆಗೆ ಸ್ಕಾರ್ಫ್ ಇರ್ಲಿ, ಬಿಸಿನೀರಿನ ಫ್ಲಾಸ್ಕೂ ತನ್ನಿ, ಆದ್ರೆ ಅವಳು ಇಲ್ಲೇ ಇರ್ಲಿ ಅಂತೀನಿ. ಅಮ್ಮ ಊಟಕ್ಕೆ ಎದ್ದಾಗ ಅಜ್ಜಿ ಎದೆಗೇ ಮಗು ಕಟ್ತೀನಿ, ಆಮೇಲೆ ಅವ್ರೇ ಮಗನಿಗೂ ನೀನೂ ಅಂಗಿ ಬಿಚ್ಚಿ ಕೂತ್ಕೋ ಅಂತಾರೆ.

ಡಿಸ್ಚಾರ್ಜ್ ಆದ್ಮೇಲೂ ಕಾಂಗರೂ ಕೇರ್ ಬಿಡಬೇಡಿ, ತೂಕ ಎರಡೂವರೆ ಕೆ.ಜಿ. ಹತ್ರ ಬಂದಾಗ ಮಗುನೇ ಕೊಸರಾಡಿ ಹೊರಗೆ ಬರೋಕೆ ನೋಡತ್ತೆ, ಆಗ ನಿಲ್ಲಿಸಿ.