ಹೊಸ ಲಿನಕ್ಸ್ ಹಾಕಿದ್ಮೇಲೆ ಪ್ಯಾಕೇಜ್‌ಗಳೆಲ್ಲಾ ಒಂದೇ ಕಮ್ಯಾಂಡಿಗೆ ಬಂದು ಕೂರೋ ಹಾಗೆ ಮಾಡ್ಕೊಳ್ಳೋದು

ಎರಡು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಒಂದಿನ ಬೆಳಗ್ಗೆ ಇದ್ದಕ್ಕಿದ್ದಂಗೆ ಕೈ ಕೊಡ್ತು. ಫೈಲ್‌ಗಳ ಬ್ಯಾಕಪ್ ಇತ್ತು, ಹೊಸ ಡಿಸ್ಕಿಗೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕೋಕೂ ಅರ್ಧ ಗಂಟೆ ಸಾಕಾಯ್ತು, ಆದ್ರೆ ಮಷೀನು ಮತ್ತೆ ನನ್ನ ಮಷೀನ್ ಅನ್ನಿಸ್ಕೊಳ್ಳೋಕೆ ಮೂರು ವಾರ ಹಿಡೀತು. ಯಾಕಂದ್ರೆ ಐದಾರು ವರ್ಷದಲ್ಲಿ ಏನೇನು ಇನ್‌ಸ್ಟಾಲ್ ಮಾಡ್ಕೊಂಡಿದ್ದೆ ಅಂತ ಎಲ್ಲೂ ಬರೆದಿಟ್ಟಿರ್ಲಿಲ್ಲ. ಎರಡು ಪಿಡಿಎಫ್ ಜೋಡಿಸೋಣ ಅಂತ ಹೋದ್ರೆ ಕ್ಯೂಪಿಡಿಎಫ್ ಇಲ್ಲ, ಸ್ಕ್ಯಾನ್ ಮಾಡೋಣ ಅಂದ್ರೆ ಸೇನ್ ಇಲ್ಲ, ಅರ್ಜೆಂಟಲ್ಲಿ ಒಂದು ವಿಡಿಯೋ ಕಟ್ ಮಾಡೋಣ ಅಂದ್ರೆ ಎಫ್‌ಎಫ್‌ಎಂಪೆಗ್ ಇಲ್ಲ, ಪ್ರತಿ ಸಲ ಕೆಲಸ ನಿಲ್ಸಿ ಹುಡುಕಿ ಹಾಕ್ಕೊಳ್ಳೋದು. ಡೇಟಾ ಬ್ಯಾಕಪ್ ಮಾಡ್ತೀವಿ, ಆದ್ರೆ ಮಷೀನಿನ ಸೆಟಪ್ಪನ್ನ ಬ್ಯಾಕಪ್ ಮಾಡ್ಬೇಕು ಅಂತ ಯಾರೂ ಮೊದ್ಲೇ ಹೇಳಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ನಮಗೆ ಬೇಕಾಗಿರೋದು ಎರಡೇ ಫೈಲು. ಒಂದು, ಯಾವ್ಯಾವ ಪ್ಯಾಕೇಜ್ (ಲಿನಕ್ಸಿಗೆ ಹಾಕ್ಕೊಳ್ಳೋ ಒಂದೊಂದು ಸಾಫ್ಟ್‌ವೇರಿನ ಕಟ್ಟು) ಬೇಕು ಅನ್ನೋ ಸಾದಾ ಟೆಕ್ಸ್ಟ್ ಲಿಸ್ಟು. ಇನ್ನೊಂದು, ಆ ಲಿಸ್ಟ್ ಓದಿ ಇನ್‌ಸ್ಟಾಲ್ ಮಾಡೋ ಚಿಕ್ಕ ಬ್ಯಾಷ್ ಸ್ಕ್ರಿಪ್ಟು, ಅಂದ್ರೆ ಟರ್ಮಿನಲ್ ಕಮ್ಯಾಂಡುಗಳನ್ನ ಸಾಲಾಗಿ ಬರೆದಿಟ್ಟ ಫೈಲು. ಎರಡನ್ನೂ ಗಿಟ್‌ನಲ್ಲಿ (ಫೈಲಿನ ಬದಲಾವಣೆಗಳನ್ನ ನೆನಪಿಡೋ ಟೂಲು) ಇಟ್ಟು ಬೇರೆ ಕಡೆ ಒಂದು ಕಾಪಿ ಇಡಿ. ಇದರ ಜೊತೆಗೆ ಒಂದು ಅಭ್ಯಾಸ, ಅದೇ ನಿಜವಾಗ್ಲೂ ಮುಖ್ಯ: ಹೊಸ ಪ್ಯಾಕೇಜ್ ಏನೇ ಬೇಕಾದ್ರೂ ಮೊದ್ಲು ಲಿಸ್ಟಿಗೆ ಒಂದು ಸಾಲು ಸೇರಿಸಿ ಆಮೇಲೆ ಸ್ಕ್ರಿಪ್ಟ್ ಓಡಿಸ್ಬೇಕು, ಸೀದಾ ಟರ್ಮಿನಲ್‌ನಲ್ಲಿ ಇನ್‌ಸ್ಟಾಲ್ ಅಂತ ಹೊಡೀಬಾರ್ದು. ನೇರವಾಗಿ ಹೊಡೆದ ದಿನದಿಂದ್ಲೇ ಲಿಸ್ಟು ಒಂದು ದಾರಿ ಮಷೀನ್ ಒಂದು ದಾರಿ ಹಿಡಿಯತ್ತೆ.

ಈಗಾಗ್ಲೇ ಓಡ್ತಿರೋ ಮಷೀನ್ ಇದ್ರೆ ಲಿಸ್ಟನ್ನ ಖಾಲಿಯಿಂದ ಶುರು ಮಾಡೋದು ಬೇಡ. ಪ್ರತಿ ಪ್ಯಾಕೇಜನ್ನೂ ನೀವೇ ಕೇಳಿ ಹಾಕಿಸಿದ್ದಾ ಅಥವಾ ಇನ್ನೊಂದರ ಬಾಲ ಹಿಡ್ಕೊಂಡು ಬಂದಿದ್ದಾ ಅಂತ ಪ್ಯಾಕೇಜ್ ಮ್ಯಾನೇಜರ್ ಗುರುತು ಹಾಕ್ಕೊಂಡಿರತ್ತೆ. ಡೆಬಿಯನ್, ಉಬುಂಟು, ಮಿಂಟ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್ ಹೆಸರು ಆಪ್ಟ್, ಅದರ ಆಪ್ಟ್-ಮಾರ್ಕ್ ಅನ್ನೋ ಕಮ್ಯಾಂಡಿಗೆ ಶೋಮ್ಯಾನ್ಯುಯಲ್ ಅಂತ ಕೊಟ್ರೆ ಕೇಳಿ ಹಾಕಿಸಿದ್ದು ಮಾತ್ರ ಬರತ್ತೆ. ಫೆಡೋರಾದ ಮ್ಯಾನೇಜರ್ ಡಿಎನ್‌ಎಫ್, ಅದರ ರೆಪೋಕ್ವೆರಿಗೆ ಯೂಸರ್‌ಇನ್‌ಸ್ಟಾಲ್ಡ್ ಆಪ್ಷನ್ ಕೊಡಿ, 2024ರಲ್ಲಿ ಬಂದ ಫೆಡೋರಾ 41ರಿಂದ ಡಿಎನ್‌ಎಫ್5 ಆಗಿದೆ ಆದ್ರೂ ಇದು ಹಾಗೇ ನಡೆಯತ್ತೆ. ಆರ್ಚ್‌ನಲ್ಲಿ ಪ್ಯಾಕ್‌ಮನ್‌ಗೆ ದೊಡ್ಡ ಕ್ಯೂ, ಚಿಕ್ಕ ಕ್ಯೂ, ಚಿಕ್ಕ ಇ, ಇದರ ಜೊತೆ ಎನ್ ಸೇರಿಸಿದ್ರೆ ಅಧಿಕೃತ ರೆಪೋದ್ದು (ಪ್ಯಾಕೇಜ್ ಇಳಿಸ್ಕೊಳ್ಳೋ ಭಂಡಾರದ್ದು) ಮಾತ್ರ, ಎಮ್ ಸೇರಿಸಿದ್ರೆ ಬಳಕೆದಾರರೇ ಸೇರಿಸೋ ಎಯುಆರ್‌ನಂಥ ಹೊರಗಿನದ್ದು ಮಾತ್ರ. ಯಾವ ಲಿನಕ್ಸಲ್ಲೂ ಓಡೋ ಆ್ಯಪ್ ಹಾಕೋ ಫ್ಲ್ಯಾಟ್‌ಪ್ಯಾಕ್ ಬಳಸ್ತಿದ್ರೆ ಅದರ ಲಿಸ್ಟನ್ನ ಬೇರೆ ಫೈಲಿಗೆ ತೆಗೀರಿ, ಆಪ್ಟ್‌ಗೆ ಅದರ ಗಾಳಿಗಂಧವೂ ಇರಲ್ಲ.

ಉಬುಂಟು ತರದ ಡಿಸ್ಟ್ರೋದಲ್ಲಿ (ಲಿನಕ್ಸಿನ ಒಂದೊಂದು ರೂಪಕ್ಕೆ ಹೀಗಂತಾರೆ) ಈ ಮ್ಯಾನ್ಯುಯಲ್ ಲಿಸ್ಟ್ ನೋಡಿ ಗಾಬರಿ ಆಗ್ಬೇಡಿ, ನೂರಾರು ಹೆಸರು ಬರಬಹುದು, ಇನ್‌ಸ್ಟಾಲರ್ ತಾನು ಹಾಕಿದ್ದಕ್ಕೂ ಮ್ಯಾನ್ಯುಯಲ್ ಅಂತ್ಲೇ ಗುರುತು ಹಾಕಿರತ್ತೆ. ನೀವೇ ಕೈಯಾರೆ ಹಾಕಿದ್ದು ಯಾವ್ದು ಅಂತ ತಿಳ್ಕೊಳ್ಳೋಕೆ ವಾರ್ ಫೋಲ್ಡರ್ ಒಳಗಿನ ಲಾಗ್, ಅದರೊಳಗಿನ ಆಪ್ಟ್, ಅಲ್ಲಿರೋ ಹಿಸ್ಟರಿ ಡಾಟ್ ಲಾಗ್ ನೋಡಿ. ಅದರಲ್ಲಿ ಕಮ್ಯಾಂಡ್‌ಲೈನ್ ಅಂತ ಶುರುವಾಗೋ ಸಾಲುಗಳಲ್ಲಿ ನೀವು ಹೊಡೆದ ಕಮ್ಯಾಂಡು ಅಕ್ಷರಕ್ಷರ ಹಾಗೇ ಇರತ್ತೆ, ತಾರೀಕಿನ ಜೊತೆ. ಈ ಲಾಗು ತಿಂಗಳಿಗೊಂದು ಸಲ ಬೇರೆ ಫೈಲಾಗಿ ಜಿಜಿಪ್‌ನಲ್ಲಿ ಕುಗ್ಗಿ ಕೂರತ್ತೆ, ಡಿಫಾಲ್ಟಾಗಿ 12 ಹಳೇ ಫೈಲು ಉಳಿಯತ್ತೆ, ಹಾಗಾಗಿ ಹಳೇದನ್ನ ಝಡ್‌ಗ್ರೆಪ್‌ನಿಂದ ಹುಡುಕಿ. ಒಂದು ವರ್ಷಕ್ಕಿಂತ ಹಿಂದಿನದ್ದು ಅಲ್ಲಿ ಸಿಗಲ್ಲ, ಈ ಕೆಲಸಾನ ಮುಂದಕ್ಕೆ ಹಾಕ್ಬೇಡಿ ಅನ್ನೋದಕ್ಕೆ ಅದೂ ಒಂದು ಕಾರಣ.

ಆಪ್ಟ್‌ನ ಕೆಳಗೆ ಕೆಲಸ ಮಾಡೋ ಡಿಪಿಕೆಜಿಯ ಗೆಟ್-ಸೆಲೆಕ್ಷನ್ಸ್ ಲಿಸ್ಟ್ ತಗೊಂಡು ಅದನ್ನೇ ಹೊಸ ಮಷೀನಿಗೆ ಸುರೀರಿ ಅಂತ ಹೇಳೋರು ಇದಾರೆ, ನಾನು ಬೇಡ ಅಂತೀನಿ. ಅದು ಲೈಬ್ರರಿಗಳನ್ನೂ (ಬೇರೆ ಪ್ರೋಗ್ರಾಮ್‌ಗಳು ಬಳಸೋ ಕೋಡ್ ಕಟ್ಟುಗಳು) ಸೇರಿಸಿ ಇರೋದನ್ನೆಲ್ಲಾ ಕೊಡತ್ತೆ, ಮುಂದಿನ ರಿಲೀಸ್‌ನಲ್ಲಿ ಆ ಲೈಬ್ರರಿಗಳ ಹೆಸರಿನ ಕೊನೆಯ ನಂಬರ್ ಬದಲಾಗಿರತ್ತೆ, ಅರ್ಧ ಸಿಗಲ್ಲ. ಸಿಕ್ಕಿದ್ದೂ ಮ್ಯಾನ್ಯುಯಲ್ ಅಂತ ಗುರುತಾಗಿ ಕೂತ್ಬಿಟ್ರೆ ಬೇಡವಾದದ್ದನ್ನ ತೆಗೆಯೋ ಆಟೋರಿಮೂವ್ ಕಮ್ಯಾಂಡು ಅದನ್ನ ಮುಟ್ಟೋದೇ ಇಲ್ಲ, ವರ್ಷಗಟ್ಲೆ ಕಸ ಹಾಗೇ ಇರತ್ತೆ.

ಸಿಕ್ಕಿದ ಹೆಸರುಗಳನ್ನ ಒಂದು ಸಲ ಕೂತು ಕೈಯಿಂದ ಸೋಸಿ. ಒಂದು ಸಾಲಿಗೆ ಒಂದು ಪ್ಯಾಕೇಜು, ಪಕ್ಕದಲ್ಲಿ ಹ್ಯಾಷ್ ಹಾಕಿ ಯಾಕೆ ಬೇಕು ಅಂತ ನಾಲ್ಕು ಮಾತು. ನನ್ನದ್ರಲ್ಲಿ ಕ್ಯೂಪಿಡಿಎಫ್ ಪಕ್ಕ "ಪೇಜ್ ಜೋಡಿಸೋಕೆ, ಒಡೆಯೋಕೆ" ಅಂತಿದೆ, ಸ್ಮಾರ್ಟ್‌ಮೊಂಟೂಲ್ಸ್ ಪಕ್ಕ "ಡಿಸ್ಕ್ ಆರೋಗ್ಯ, ತಿಂಗಳಿಗೊಂದು ಸಲ ನೋಡು" ಅಂತಿದೆ. ಯಾಕೆ ಬೇಕು ಅಂತ ಬರೆಯೋಕೆ ಆಗದೇ ಇರೋ ಪ್ಯಾಕೇಜು ಬಹುತೇಕ ಬೇಡದ್ದೇ ಆಗಿರತ್ತೆ, ನನ್ನ ಲಿಸ್ಟು ಈ ಒಂದು ಪರೀಕ್ಷೇಲಿ ಅರ್ಧಕ್ಕೆ ಇಳೀತು.

ಈಗ ಸ್ಕ್ರಿಪ್ಟು. ಮೊದಲ ಸಾಲಲ್ಲಿ ಬ್ಯಾಷ್ ಅಂತ ಹೇಳಿ, ಎರಡನೇ ಸಾಲಲ್ಲಿ ಸೆಟ್ ಕಮ್ಯಾಂಡಿಗೆ ಇ, ಯು, ಮತ್ತೆ ಪೈಪ್‌ಫೇಲ್ ಕೊಡಿ, ಆಗ ಮಧ್ಯೆ ಏನಾದ್ರೂ ಎಡವಿದ್ರೆ ಅಲ್ಲೇ ನಿಲ್ಲತ್ತೆ, ಏನೂ ಆಗಿಲ್ಲ ಅನ್ನೋ ಹಾಗೆ ಮುಂದೆ ಹೋಗಲ್ಲ. ಆಮೇಲೆ ಅಪ್‌ಡೇಟು, ಆಮೇಲೆ ಸೆಡ್ ಅನ್ನೋ ಟೆಕ್ಸ್ಟ್ ತಿದ್ದೋ ಕಮ್ಯಾಂಡಿಂದ ಹ್ಯಾಷ್ ಮತ್ತು ಅದರ ಮುಂದಿನದ್ದನ್ನೆಲ್ಲಾ ಅಳಿಸಿ ಉಳಿದ ಹೆಸರುಗಳನ್ನ ಇನ್‌ಸ್ಟಾಲ್‌ಗೆ ಕೊಡೋದು. ಇಲ್ಲಿ ಆಪ್ಟ್ ಬೇಡ, ಆಪ್ಟ್-ಗೆಟ್ ಬಳಸಿ, ಆಪ್ಟ್‌ನ ಔಟ್‌ಪುಟ್ಟನ್ನ ಪೈಪ್ ಮಾಡಿದ್ರೆ (ಇನ್ನೊಂದು ಕಮ್ಯಾಂಡಿಗೆ ಹರಿಸಿದ್ರೆ) ತನ್ನ ಇಂಟರ್‌ಫೇಸ್ ಸ್ಥಿರ ಅಲ್ಲ ಅಂತ ಅದೇ ಎಚ್ಚರಿಸತ್ತೆ.

ಒಂದು ಕಡೆ ತುಂಬಾ ಜನ ಸಿಕ್ಕಿಹಾಕ್ಕೋತಾರೆ. ಲಿಸ್ಟನ್ನ ಕ್ಯಾಟ್‌ನಿಂದ ಓದಿಸಿ, ಬಂದ ಹೆಸರುಗಳನ್ನ ಇನ್ನೊಂದು ಕಮ್ಯಾಂಡಿಗೆ ಜೋಡಿಸೋ ಎಕ್ಸ್‌ಆರ್ಗ್ಸ್‌ಗೆ ಪೈಪ್ ಮಾಡಿದ್ರೆ, ಆಪ್ಟ್-ಗೆಟ್ ಮುಂದುವರೀಲಾ ಅಂತ ಕೇಳಿ, ನೀವು ವೈ ಒತ್ತೋಕೂ ಬಿಡದೇ ಅಬಾರ್ಟ್ ಅಂತ ಹೇಳಿ ಹೊರಗೆ ಬಂದ್ಬಿಡತ್ತೆ. ಕಾರಣ ಸರಳ, ಪೈಪಿನಿಂದ ಓದೋವಾಗ ಎಕ್ಸ್‌ಆರ್ಗ್ಸ್ ತಾನು ಓಡಿಸೋ ಕಮ್ಯಾಂಡಿನ ಇನ್‌ಪುಟ್ಟನ್ನ ಡೆವ್ ನಲ್ ಅನ್ನೋ ಯಾವಾಗ್ಲೂ ಖಾಲಿ ಇರೋ ಫೈಲಿಗೆ ಕಟ್ಟಿಬಿಡತ್ತೆ, ನಿಮ್ಮ ಕೀಬೋರ್ಡು ಅದಕ್ಕೆ ತಲುಪೋದೇ ಇಲ್ಲ. ಎಕ್ಸ್‌ಆರ್ಗ್ಸ್‌ಗೆ ಎ ಆಪ್ಷನ್ ಹಾಕಿ ಫೈಲ್ ಹೆಸರು ಕೊಟ್ರೆ ಕೀಬೋರ್ಡ್ ಉಳಿಯತ್ತೆ, ಅಥವಾ ನಾನು ಮಾಡೋ ಹಾಗೆ ಡಾಲರ್ ಮತ್ತು ಕಂಸದ ಒಳಗೆ ಸೆಡ್ ಹಾಕಿ ಅದರ ಫಲಿತಾಂಶಾನ ನೇರವಾಗಿ ಆಪ್ಟ್-ಗೆಟ್ ಸಾಲಿಗೇ ಸೇರಿಸ್ಬಹುದು.

ವೈ ಆಪ್ಷನ್ ಹಾಕಿದ್ರೆ ಪ್ರಶ್ನೇನೇ ಬರಲ್ವಲ್ಲ ಅಂತೀರಾ, ಹೌದು, ಆದ್ರೆ ಆಗ ಒಂದು ಪ್ಯಾಕೇಜ್ ಹಾಕೋಕೆ ಹೋಗಿ ಇನ್ನು ಹತ್ತನ್ನ ತೆಗೀಬೇಕು ಅಂತ ಅದಕ್ಕೆ ಅನ್ನಿಸಿದ್ರೂ ಹೌದು ಅಂದಂಗೇ ಆಗತ್ತೆ. ಅದಕ್ಕೆ ವೈ ಜೊತೆ ನೋ-ರಿಮೂವ್ ಆಪ್ಷನ್ನೂ ಹಾಕಿ, ಏನನ್ನಾದ್ರೂ ತೆಗೀಬೇಕಾಗಿ ಬಂದ್ರೆ ಆಪ್ಟ್-ಗೆಟ್ ನಿಂತುಬಿಡತ್ತೆ, ಆಮೇಲೆ ನೀವೇ ನೋಡಿ ತೀರ್ಮಾನ ಮಾಡಿ. ಇನ್ನೊಂದು, ಲಿಸ್ಟಲ್ಲಿ ಒಂದೇ ಒಂದು ಹೆಸರು ತಪ್ಪಿದ್ರೂ ಪ್ಯಾಕೇಜ್ ಸಿಗ್ತಿಲ್ಲ ಅಂತ ಹೇಳಿ ಎಲ್ಲವನ್ನೂ ಬಿಟ್ಟುಬಿಡತ್ತೆ, ಉಳಿದ ಎಂಬತ್ತು ಸರಿ ಇದ್ರೂ ಒಂದೂ ಬರಲ್ಲ. ಡಿಸ್ಟ್ರೋ ಹೊಸ ರಿಲೀಸಿಗೆ ಹೋದಾಗ ಯಾವ್ದೋ ಒಂದು ಪ್ಯಾಕೇಜ್ ಕೈಬಿಟ್ಟಿರ್ತಾರೆ, ಹಾಗಾಗಿ ಮೊದ್ಲೇ ಒಂದು ಲೂಪಲ್ಲಿ ಪ್ರತಿ ಹೆಸರನ್ನೂ ಆಪ್ಟ್-ಕ್ಯಾಶ್ ಶೋಗೆ ಕೊಟ್ಟು, ಸಿಗದೇ ಇರೋದನ್ನ ಸ್ಕ್ರೀನ್ ಮೇಲೆ ತೋರಿಸಿ, ಸಿಕ್ಕಿದ್ದನ್ನ ಮಾತ್ರ ಒಟ್ಟಿಗೆ ಇನ್‌ಸ್ಟಾಲ್‌ಗೆ ಕಳಿಸಿ.

ವೈ ಹಾಕಿದ್ರೂ ಕೆಲವು ಪ್ಯಾಕೇಜು ನೀಲಿ ಸ್ಕ್ರೀನ್ ತೆರೆದು ಪ್ರಶ್ನೆ ಕೇಳ್ತವೆ, ಅದು ಡೆಬ್‌ಕಾನ್ಫ್ ಕೆಲಸ. ನೆಟ್‌ವರ್ಕಿನ ಪ್ಯಾಕೆಟ್ ನೋಡೋ ವೈರ್‌ಶಾರ್ಕ್ ಹಾಕಿದೋರಿಗೆ ಗೊತ್ತಿರತ್ತೆ, ರೂಟ್ (ಅಡ್ಮಿನ್) ಅಲ್ಲದೇ ಇರೋರೂ ಪ್ಯಾಕೆಟ್ ಹಿಡೀಬಹುದಾ ಅಂತ ಕೇಳಿ ಸ್ಕ್ರಿಪ್ಟು ಅಲ್ಲೇ ಕಾಯ್ತಾ ನಿಲ್ಲತ್ತೆ. ಡೆಬಿಯನ್ ಫ್ರಂಟೆಂಡ್ ವೇರಿಯಬಲ್‌ಗೆ ನಾನ್‌ಇಂಟರ್ಯಾಕ್ಟಿವ್ ಅಂತ ಕೊಟ್ರೆ ಪ್ರಶ್ನೆ ಬರಲ್ಲ, ಡಿಫಾಲ್ಟ್ ಉತ್ತರ ತಗೊಳತ್ತೆ, ಆದ್ರೆ ವೈರ್‌ಶಾರ್ಕ್‌ಗೆ ಡಿಫಾಲ್ಟ್ ಉತ್ತರ ಬೇಡ ಅಂತ. ಹಾಗಾಗಿ ಇನ್‌ಸ್ಟಾಲ್ ಸುಸೂತ್ರವಾಗಿ ಮುಗಿದ್ರೂ ನಿಮ್ಮ ಯೂಸರ್‌ನಿಂದ ಕ್ಯಾಪ್ಚರ್ ಆಗಲ್ಲ. ನಿಮಗೆ ಬೇಕಾದ ಉತ್ತರಾನ ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್‌ಗೆ ಮೊದ್ಲೇ ಕೊಟ್ಟು ಆಮೇಲೆ ಇನ್‌ಸ್ಟಾಲ್ ಮಾಡಿ, ನಂತರ ನಿಮ್ಮ ಯೂಸರನ್ನ ವೈರ್‌ಶಾರ್ಕ್ ಗ್ರೂಪಿಗೆ ಸೇರಿಸಿ. ಆ ವೇರಿಯಬಲ್ಲನ್ನ ರೂಟ್ ಆಗಿ ಕಮ್ಯಾಂಡ್ ಓಡಿಸೋ ಸುಡೋ ಆದ್ಮೇಲೆ ಬರೀಬೇಕು, ಮುಂಚೆ ಬರೆದ್ರೆ ಸಾಮಾನ್ಯವಾಗಿ ಸುಡೋ ಅದನ್ನ ಒಳಗೆ ಬಿಡಲ್ಲ. ಇದೊಂದು ಗೊತ್ತಿಲ್ಲದೇ ನಾನು ಒಂದು ಇಡೀ ಸಂಜೆ ಕಳ್ಕೊಂಡಿದೀನಿ.

ಹೊಸದಾಗಿ ಬೂಟ್ ಆದ ಮಷೀನಲ್ಲಿ ಓಡಿಸಿದ್ರೆ ಡಿಪಿಕೆಜಿ ಲಾಕ್ ಸಿಗ್ತಿಲ್ಲ ಅಂತ ಬರಬಹುದು, ಹಿಂದೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ತನ್ನ ಪಾಡಿಗೆ ಅಪ್‌ಡೇಟ್ ಮಾಡ್ತಿರತ್ತೆ. ದಯವಿಟ್ಟು ಲಾಕ್ ಫೈಲ್ ಡಿಲೀಟ್ ಮಾಡ್ಬೇಡಿ, ಪ್ಯಾಕೇಜ್ ಡೇಟಾಬೇಸ್ ಅರ್ಧಂಬರ್ಧ ಆಗ್ಬಿಡತ್ತೆ. ಡಿಪಿಕೆಜಿ ಲಾಕ್ ಟೈಮ್‌ಔಟ್ ಅನ್ನೋ ಆಪ್ಷನ್‌ಗೆ 300 ಅಂತ ಕೊಟ್ರೆ ಐದು ನಿಮಿಷ ತಾನೇ ಕಾಯತ್ತೆ.

ಹೊರಗಿನ ರೆಪೋ ಇದ್ರೆ, ಅಂದ್ರೆ ಬ್ರೌಸರೋ ಎಡಿಟರೋ ಅದರ ಕಂಪನಿಯಿಂದ್ಲೇ ನೇರ ಬರೋದಿದ್ರೆ, ಪ್ಯಾಕೇಜಿನ ಸಹಿ ಪರೀಕ್ಷಿಸೋ ಕೀ ಫೈಲನ್ನ ಇಟಿಸಿ ಒಳಗಿನ ಆಪ್ಟ್‌ನ ಕೀರಿಂಗ್ಸ್ ಫೋಲ್ಡರಲ್ಲಿಟ್ಟು ರೆಪೋ ಸಾಲಲ್ಲಿ ಸೈನ್ಡ್-ಬೈ ಅಂತ ಅದನ್ನೇ ತೋರಿಸಿ. ಹಳೇ ಲೇಖನಗಳಲ್ಲಿರೋ ಆಪ್ಟ್-ಕೀ ಆಡ್ ಬಳಸ್ಬೇಡಿ, ಅದರಲ್ಲಿ ಸೇರಿಸಿದ ಕೀ ಎಲ್ಲಾ ರೆಪೋಗೂ ನಡೆಯತ್ತೆ, ಅಂದ್ರೆ ಒಂದು ಎಡಿಟರ್‌ಗೋಸ್ಕರ ನಂಬಿದೋರು ನಿಮ್ಮ ಸಿಸ್ಟಮ್ಮಿನ ಯಾವ ಪ್ಯಾಕೇಜಿಗೆ ಬೇಕಾದ್ರೂ ಸಹಿ ಹಾಕಬಹುದು. ಕೀ ಫೈಲುಗಳನ್ನ ಗಿಟ್‌ನಲ್ಲೇ ಇಟ್ಕೊಳ್ಳಿ, ಅವು ಪಬ್ಲಿಕ್ ಕೀಗಳು, ಗುಟ್ಟೇನಿಲ್ಲ. ಕರ್ಲ್‌ನಿಂದ ಇಳಿಸಿದ್ದನ್ನ ಸೀದಾ ಸುಡೋ ಬ್ಯಾಷಿಗೆ ಪೈಪ್ ಮಾಡೋ ಸಾಲು ಮಾತ್ರ ನಿಮ್ಮ ಸ್ಕ್ರಿಪ್ಟಲ್ಲಿ ಇರ್ಲೇಬಾರ್ದು, ಇವತ್ತು ಓದಿ ನೋಡಿದ ಫೈಲು ನಾಳೆ ಅದೇ ಫೈಲಾಗಿರತ್ತೆ ಅನ್ನೋಕೆ ಆಗಲ್ಲ.

ಒಂದಕ್ಕಿಂತ ಹೆಚ್ಚು ಡಿಸ್ಟ್ರೋ ಬಳಸೋರಿಗೆ ಹೆಸರುಗಳೇ ತಲೆನೋವು. ಆರ್ಚ್‌ನಲ್ಲಿ ಎಫ್‌ಡಿ ಅಂತಿರೋದು ಡೆಬಿಯನ್‌ನಲ್ಲಿ ಎಫ್‌ಡಿ-ಫೈಂಡ್, ಅದರ ಕಮ್ಯಾಂಡ್ ಎಫ್‌ಡಿಫೈಂಡ್. ಡೆಬಿಯನ್‌ನಲ್ಲಿ ಬ್ಯಾಟ್ ಹಾಕಿದ್ರೆ ಕಮ್ಯಾಂಡ್ ಬ್ಯಾಟ್‌ಕ್ಯಾಟ್. ಕಂಪೈಲರ್ ಸಾಮಾನೆಲ್ಲಾ ಡೆಬಿಯನ್‌ನಲ್ಲಿ ಬಿಲ್ಡ್-ಎಸೆನ್ಷಿಯಲ್, ಆರ್ಚ್‌ನಲ್ಲಿ ಬೇಸ್-ಡೆವೆಲ್. ಡಿಸ್ಟ್ರೋಗೊಂದು ಲಿಸ್ಟ್ ಇಡೋದೇ ಒಳ್ಳೇದು, ಒಂದೇ ಲಿಸ್ಟಲ್ಲಿ ಇಫ್ ಎಲ್ಸ್ ತುಂಬ್ಸೋಕೆ ಹೋಗ್ಬೇಡಿ. ಆರ್ಚ್‌ನವರು ಇನ್‌ಸ್ಟಾಲ್ ಮಾಡೋವಾಗ ನೀಡೆಡ್ ಆಪ್ಷನ್ ಹಾಕಿ, ಈಗಾಗ್ಲೇ ಇರೋದನ್ನ ಮತ್ತೆ ಹಾಕಲ್ಲ. ಮತ್ತೆ ಬರೀ ಡೇಟಾಬೇಸ್ ರಿಫ್ರೆಶ್ ಮಾಡಿ ಒಂದೆರಡು ಪ್ಯಾಕೇಜ್ ಹಾಕ್ಬೇಡಿ, ಪೂರ್ತಿ ಅಪ್‌ಗ್ರೇಡ್ ಜೊತೆಗೇ ಹಾಕಿ, ಅರ್ಧ ಅಪ್‌ಗ್ರೇಡಿಗೆ ಆರ್ಚ್‌ನಲ್ಲಿ ಬೆಂಬಲ ಇಲ್ಲ.

ಮಷೀನ್ ಹೇಗಿರ್ಬೇಕು ಅಂತ ಫೈಲಲ್ಲಿ ಬರೆದು ಹಾಗೇ ಮಾಡಿಸೋ ಆನ್ಸಿಬಲ್ ಬೇಡ್ವಾ ಅಂತ ಕೇಳ್ತಾರೆ. 2012ರಲ್ಲಿ ಮೈಕೆಲ್ ಡಿಹಾನ್ ಶುರು ಮಾಡಿದ್ದು, 2015ರಲ್ಲಿ ರೆಡ್ ಹ್ಯಾಟ್ ಕೊಂಡ್ಕೊಳ್ತು, ಸರ್ವರ್‌ಗಳಿಗೆ ಅಂತ ಬಂದ್ರೂ ಕನೆಕ್ಷನ್ ಲೋಕಲ್ ಅಂತ ಹೇಳಿದ್ರೆ ನಮ್ಮ ಲ್ಯಾಪ್‌ಟಾಪಲ್ಲೂ ಚೆನ್ನಾಗಿ ಓಡತ್ತೆ. ಪ್ಯಾಕೇಜ್ ಜೊತೆ ಸರ್ವಿಸ್ ಆನ್ ಮಾಡೋದು, ಗ್ರೂಪಿಗೆ ಸೇರಿಸೋದು, ಕಾನ್ಫಿಗ್ ಫೈಲಲ್ಲಿ ಒಂದು ಸಾಲು ಬದಲಿಸೋದು ಇಂಥವು ಹತ್ತು ಹದಿನೈದು ಆದಾಗ ಬ್ಯಾಷ್ ಗೋಜಲಾಗತ್ತೆ, ಆಗ ಆನ್ಸಿಬಲ್‌ಗೆ ಹೋಗಿ. ಚೆಕ್ ಮತ್ತು ಡಿಫ್ ಆಪ್ಷನ್ ಕೊಟ್ರೆ ಏನನ್ನೂ ಮುಟ್ಟದೇ ಏನು ಬದಲಾಗತ್ತೆ ಅಂತ ಮೊದ್ಲೇ ತೋರಿಸತ್ತೆ, ಅದು ಬ್ಯಾಷಲ್ಲಿ ಇಲ್ಲದ ಸುಖ. ಆದ್ರೆ ಅದರ ಪ್ಯಾಕೇಜ್ ಮಾಡ್ಯೂಲ್ ಹೆಸರುಗಳನ್ನ ಡಿಸ್ಟ್ರೋದಿಂದ ಡಿಸ್ಟ್ರೋಗೆ ಅನುವಾದ ಮಾಡಲ್ಲ, ಆ ಪಾಡು ಅಲ್ಲೂ ಇದ್ದಿದ್ದೇ. ಪ್ಯಾಕೇಜು, ಸೆಟಪ್ಪು ಎಲ್ಲಾನೂ ತನ್ನದೇ ಭಾಷೇಲಿ ಬರೆಸೋ ನಿಕ್ಸ್ ಇನ್ನೂ ಆಳದ ದಾರಿ, ಅದನ್ನ ಕಲಿಯೋಕೆ ತಿಂಗಳುಗಟ್ಲೆ ಬೇಕು, ಇವತ್ತು ಸಂಜೆ ಒಳಗೆ ಏನಾದ್ರೂ ಮಾಡಿ ಮುಗಿಸ್ಬೇಕು ಅನ್ನೋರಿಗೆ ಟೆಕ್ಸ್ಟ್ ಲಿಸ್ಟೇ ಸರಿ. ಡಾಟ್‌ಫೈಲ್‌ಗಳಿಗೆ (ನಿಮ್ಮ ಪ್ರೋಗ್ರಾಮ್‌ಗಳ ಸೆಟ್ಟಿಂಗ್ ಫೈಲುಗಳಿಗೆ) ಗ್ನೂ ಸ್ಟೋ ಬಳಸಿ, ಅದೇ ಗಿಟ್ ಫೋಲ್ಡರಿಂದ ಸಿಮ್‌ಲಿಂಕ್ (ಶಾರ್ಟ್‌ಕಟ್ ತರದ್ದು) ಹಾಕಿಕೊಡತ್ತೆ.

ಬರೆದ ಸ್ಕ್ರಿಪ್ಟನ್ನ ಡಿಸ್ಕ್ ಹೋದ ದಿನ ಮೊದಲ ಸಲ ಓಡಿಸೋ ಹಾಗೆ ಇಟ್ಕೋಬೇಡಿ. ಪಾಡ್‌ಮನ್‌ನಲ್ಲಿ ಡೆಬಿಯನ್ ಇಮೇಜ್‌ನಿಂದ ಒಂದು ಕಂಟೇನರ್ (ಮಷೀನೊಳಗೇ ಬೇರೆಯಾಗಿ ಓಡೋ ಚಿಕ್ಕ ಲಿನಕ್ಸ್) ತೆರೆದು ಓಡಿಸಿ ನೋಡಿ, ಆ ಇಮೇಜಲ್ಲಿ ಸುಡೋ ಇರಲ್ಲ, ಮೊದ್ಲು ಹಾಕ್ಕೋಬೇಕು. ತಪ್ಪಿದ ಹೆಸರು, ನಿಂತ ಪ್ರಶ್ನೆ ಎಲ್ಲಾ ಅಲ್ಲೇ ಸಿಗತ್ತೆ. ಸಿಸ್ಟಮ್‌ಡಿ ಸರ್ವಿಸು, ಡ್ರೈವರು, ಫ್ಲ್ಯಾಟ್‌ಪ್ಯಾಕ್ ಇದ್ರೆ ವರ್ಚುಯಲ್ ಮಷೀನೇ ಒಳ್ಳೇದು, ಇನ್‌ಸ್ಟಾಲ್ ಆದ ತಕ್ಷಣ ಸ್ನ್ಯಾಪ್‌ಶಾಟ್ ತಗೊಂಡ್ರೆ ಎಷ್ಟು ಸಲ ಬೇಕಾದ್ರೂ ಹಿಂದಕ್ಕೆ ಹೋಗಿ ಪ್ರಯತ್ನಿಸ್ಬಹುದು. ಒಂದು ಸಲ ಓಡಿದ ಮೇಲೆ ಮತ್ತೆ ಓಡಿಸಿ. ಎರಡನೇ ಸಲ ಅದು ಏನೂ ಮಾಡದೇ ಮುಗೀಬೇಕು. ರೆಪೋ ಸಾಲು ಎರಡೆರಡು ಸಲ ಸೇರಿದ್ರೆ, ಇರೋ ಫೋಲ್ಡರನ್ನೇ ಮತ್ತೆ ಮಾಡೋಕೆ ಹೋಗಿ ಎಡವಿದ್ರೆ, ಆ ಜಾಗ ತಿದ್ದಿ, ಫೈಲಿಗೆ ಸಾಲು ಅಂಟಿಸೋ ಬದ್ಲು ಇಡೀ ಫೈಲನ್ನೇ ಕಾಪಿ ಮಾಡೋ ಹಾಗೆ ಬರೀರಿ.

ಎಷ್ಟೇ ಶಿಸ್ತಿದ್ರೂ ಅವಸರದಲ್ಲಿ ಒಂದೆರಡು ಪ್ಯಾಕೇಜ್ ನೇರವಾಗಿ ಹಾಕೇ ಹಾಕ್ತೀವಿ. ಅದಕ್ಕೆ ನಾನು ಹಳೇ ಮಷೀನ್ ಸೋಸಿ ಮುಗಿಸಿದ ದಿನವೇ ಇನ್‌ಸ್ಟಾಲರ್ ಹಾಕಿದ ಹೆಸರುಗಳನ್ನ ಬೇಸ್ ಅನ್ನೋ ಇನ್ನೊಂದು ಫೈಲಿಗೆ ಹಾಕಿಟ್ಟೆ. ಈಗ ಭಾನುವಾರ ಭಾನುವಾರ ಲಿಸ್ಟಿನ ಹ್ಯಾಷ್ ಭಾಗ, ಅದರ ಹಿಂದಿನ ಖಾಲಿ ಜಾಗ ಅಳಿಸಿ, ಬೇಸ್ ಮತ್ತು ಲಿಸ್ಟ್ ಎರಡನ್ನೂ ಸೇರಿಸಿ ಸಾರ್ಟ್ ಮಾಡಿ, ಶೋಮ್ಯಾನ್ಯುಯಲ್ ಔಟ್‌ಪುಟ್ಟನ್ನೂ ಸಾರ್ಟ್ ಮಾಡಿ, ಎರಡು ಲಿಸ್ಟ್ ಹೋಲಿಸೋ ಕಾಮ್ ಅನ್ನೋ ಕಮ್ಯಾಂಡಿಗೆ 13 ಆಪ್ಷನ್ ಹಾಕಿ ಎರಡನ್ನೂ ಆ ಕ್ರಮದಲ್ಲೇ ಕೊಡ್ತೀನಿ, ಮಷೀನಲ್ಲಿದ್ದು ಲಿಸ್ಟಲ್ಲಿ ಇಲ್ಲದ್ದು ಮಾತ್ರ ಕಾಣತ್ತೆ. ಹೋದ ವಾರ ಮೂರು ಬಂತು: ಒಂದಕ್ಕೆ ಕಾರಣ ಬರೆದು ಲಿಸ್ಟಿಗೆ ಸೇರಿಸ್ದೆ, ಒಂದನ್ನ ಪರ್ಜ್ ಮಾಡ್ದೆ (ಕಾನ್ಫಿಗ್ ಸಮೇತ ತೆಗೆದೆ), ಇನ್ನೊಂದು ಬೇರೆ ಪ್ಯಾಕೇಜಿಗೆ ಬೇಕಾಗಿದ್ದ ಲೈಬ್ರರಿ ಆಗಿತ್ತು, ಅದಕ್ಕೆ ಆಪ್ಟ್-ಮಾರ್ಕ್‌ನಿಂದ ಆಟೋ ಅಂತ ಗುರುತು ಹಾಕಿ ಬಿಟ್ಟೆ, ಬೇಕಾಗದ ದಿನ ಆಟೋರಿಮೂವ್ ತಾನೇ ತಗೊಂಡು ಹೋಗತ್ತೆ.