ಮೋಹಿತ್‌ನಗರ ಎಂದರೆ ವಿಳಾಸವಲ್ಲ: ಮೇಲ್‌ಗೆ ಉತ್ತರಿಸುವ ಎಐಗೆ ಸೂಚನೆ ಬರೆದ ನನ್ನ ಅನುಭವ

ಈ ಸಲದ ಮಳೆಗಾಲದಲ್ಲಿ ನಮ್ಮ ನರ್ಸರಿಗೆ ಹೆಚ್ಚುಕಡಿಮೆ 900 ಮೇಲ್ ಬಂದಿವೆ. ಅದರಲ್ಲಿ 600ಕ್ಕೂ ಮಿಕ್ಕಿ ಮೇಲ್‌ಗಳಿಗೆ ಎಐ ಬರೆದಿಟ್ಟ ಕರಡನ್ನು ಒಂದಕ್ಷರ ತಿದ್ದದೆ ಕಳುಹಿಸಿದ್ದೇನೆ. "ಗಿಡ ಮಾರುವವರಿಗೆ ಇದೆಲ್ಲ ಯಾಕೆ ಭಾವಾ, ಒಬ್ಬ ಹುಡುಗನನ್ನು ಕೂರಿಸಿ" ಎಂದು ಹೋದ ವರ್ಷ ಹೇಳಿದ್ದ ನನ್ನ ಹೆಂಡತಿಯ ತಮ್ಮ, ಮೊನ್ನೆ ತನ್ನ ಅಂಗಡಿಗೂ ಸೂಚನೆ ಬರೆದುಕೊಡಲು ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಡಿಕೆ, ಕರಿಮೆಣಸು, ಹಣ್ಣಿನ ಕಸಿ ಗಿಡ. ಪುತ್ತೂರು, ಸುಳ್ಯದವರು ಫೋನ್ ಮಾಡುತ್ತಾರೆ. ಶಿರಸಿ, ತೀರ್ಥಹಳ್ಳಿಯವರು ಮತ್ತು ಗಲ್ಫ್‌ನಲ್ಲಿದ್ದು ಊರಿನ ತೋಟ ಮಾಡಿಸುವವರು ಮೇಲ್ ಬರೆಯುತ್ತಾರೆ. ಹೋದ ವರ್ಷದ ಜೂನ್‌ನಲ್ಲಿ ಒಬ್ಬರಿಗೆ 15,000 ರೂಪಾಯಿ ಕೊಟ್ಟು, ಬಂದ ಮೇಲ್‌ಗೆ ಎಐ ಕರಡು ಬರೆದಿಡುವಂತೆ ಎಲ್ಲ ಜೋಡಿಸಿಕೊಂಡೆ. ಜೋಡಣೆಯಲ್ಲಿ ದೋಷವಿರಲಿಲ್ಲ. ಸೂಚನೆ ಮಾತ್ರ ಒಂದೂವರೆ ಪುಟ, ಅಷ್ಟೂ ಗುಣವಾಚಕಗಳು: ವಿನಯವಾಗಿರು, ಸ್ನೇಹದಿಂದಿರು, ವೃತ್ತಿಪರವಾಗಿರು. ಫಲವಾಗಿ ಪ್ರತಿ ಕರಡೂ "ಪ್ರಿಯ ಗ್ರಾಹಕರೇ, ನಿಮ್ಮ ವಿಚಾರಣೆಗಾಗಿ ಧನ್ಯವಾದಗಳು" ಎಂದು ಶುರುವಾಗುತ್ತಿತ್ತು. ಗಿಡ ಕೇಳಿದವರಿಗೆ ವಿಚಾರಣೆ ಎಂಬ ಪದ! ವಿಚಾರಣೆ ನಡೆಯುವುದು ಠಾಣೆಯಲ್ಲಿ, ಕೋರ್ಟಿನಲ್ಲಿ.

ಶಿರಸಿಯವರೊಬ್ಬರು "ಮೋಹಿತ್‌ನಗರ 300, ಮಂಗಳ 200 ಬೇಕು" ಎಂದು ಬರೆದರು. ಕರಡು ಬಂತು: "ಮೋಹಿತ್‌ನಗರದ ನಿಮ್ಮ ವಿಳಾಸಕ್ಕೆ 300 ಗಿಡ ತಲುಪಿಸುತ್ತೇವೆ, ಉಳಿದ 200 ಮಂಗಳವಾರ." ಮೋಹಿತ್‌ನಗರ ಪಶ್ಚಿಮ ಬಂಗಾಳದ ಊರಿನ ಹೆಸರು ಹೌದು, ಆದರೆ ಅಡಿಕೆ ಬೆಳೆಯುವ ಯಾರಿಗೂ ಅದು ತಳಿ. ಮಂಗಳವೂ ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ತಳಿ. ಮಂಗಳದಿಂದಲೇ ಬಂದ ಇಂಟರ್‌ಸೆ ಮಂಗಳ ಎಂಬ ತಳಿ ಬೇರೆ, ಅದರ ಬೆಲೆ ಬೇರೆ. ತೊಟ್ಟೆ ಗಿಡ ಎಂದರೆ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದ್ದು. ಇಂಥ ಸುಮಾರು 60 ಪದಗಳ ಪಟ್ಟಿ ಮಾಡಿ ಸೂಚನೆಗೆ ಸೇರಿಸಿದೆ. ಅರ್ಧ ತೊಂದರೆ ಅಲ್ಲಿಗೇ ಕಳೆಯಿತು.

ನಿಜವಾದ ಪೆಟ್ಟು ಬಿದ್ದದ್ದು ಹಿಪ್ಪಲಿ ಕಸಿಯಲ್ಲಿ. ಕರಿಮೆಣಸನ್ನು ಕೊಲುಬ್ರಿನಮ್ ಎಂಬ ಹಿಪ್ಪಲಿ ಜಾತಿಯ ಬೇರಿಗೆ ಕಸಿ ಕಟ್ಟಿದ ಗಿಡ ಸೊರಗು ರೋಗಕ್ಕೆ ಬಗ್ಗುವುದಿಲ್ಲ, ಆದರೆ ಬೇಸಗೆಯಲ್ಲಿ ನೀರು ತಪ್ಪಿದರೆ ಉಳಿಯುವುದಿಲ್ಲ. ಆ ಬೇರು ಅಮೆಜಾನಿನ ಜೌಗಿನದು. ಒಬ್ಬ ಗಿರಾಕಿ ಸ್ಪಷ್ಟವಾಗಿಯೇ ಕೇಳಿದ್ದರು: ಮಾರ್ಚ್ ನಂತರ ನಮ್ಮಲ್ಲಿ ನೀರು ಕಡಿಮೆ, ಆದೀತೇ? "ಖಂಡಿತ, ಈ ಗಿಡಗಳು ಗಟ್ಟಿ, ಒಣ ಪ್ರದೇಶಕ್ಕೂ ಸೂಕ್ತ" ಎಂದು ಎಐ ಬರೆದಿಟ್ಟಿತ್ತು. ಆ ದಿನ ಐವತ್ತು ಕರಡುಗಳನ್ನು ಒಟ್ಟಿಗೆ ನೋಡುವ ಗಡಿಬಿಡಿಯಲ್ಲಿ ನಾನು ಅದನ್ನು ಕಳುಹಿಸಿಬಿಟ್ಟೆ. ಅವರು ನೆಟ್ಟದ್ದು 150 ಗಿಡ. ಏಪ್ರಿಲ್‌ನಲ್ಲಿ ಫೋಟೊ ಬಂತು, ಹೆಚ್ಚಿನವು ಒಣಗಿದ್ದವು. ಗಿಡದ ಹಣ, ಸಾಗಾಟದ ಬಾಡಿಗೆ ಎಲ್ಲ ಸೇರಿ 16,000ದಷ್ಟು ಹಿಂದಿರುಗಿಸಿದೆ. ಹಣ ಹೋದದ್ದಕ್ಕಿಂತ, ನಮ್ಮ ಹೆಸರಿನಲ್ಲಿ ಸುಳ್ಳು ಹೋಯಿತಲ್ಲ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹಳೆಯ ಸೂಚನೆಯನ್ನು ಪೂರ್ತಿ ಅಳಿಸಿದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಮೊದಲ ದಿನ ಏನು ಹೇಳುತ್ತೇನೋ ಅದನ್ನೇ ಬರೆದೆ. ಹೇಗೆ ಮಾತನಾಡಬೇಕು ಎಂಬುದಕ್ಕೆ ನಾಲ್ಕೇ ಸಾಲು. ಏನು ಗೊತ್ತಿರಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದಕ್ಕೆ ಉಳಿದದ್ದೆಲ್ಲ. "ಊಹಿಸಬೇಡ" ಎಂದು ಮೊದಲು ಐದಾರು ಕಡೆ ಬರೆದು ನೋಡಿದ್ದೆ, ಊಹೆ ನಿಲ್ಲಲಿಲ್ಲ. ನಿಲ್ಲಿಸಿದ್ದು ಈ ಸಾಲುಗಳು:

"ಬೆಲೆ, ಸಿಗುವ ದಿನ, ನೀರು, ರೋಗ: ಈ ನಾಲ್ಕರ ಬಗ್ಗೆ ನಮ್ಮ ಗಿಡಗಳ ಪಟ್ಟಿಯಲ್ಲಿ ಇದ್ದದ್ದನ್ನು ಮಾತ್ರ ಬರೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಜಾಗದಲ್ಲಿ ‘ಯಜಮಾನರನ್ನು ಕೇಳಬೇಕು’ ಎಂದು ಬರೆದು ಮುಂದಕ್ಕೆ ಹೋಗು. ಹಾಗೆ ಬಿಟ್ಟದ್ದು ತಪ್ಪಲ್ಲ, ಊಹಿಸಿ ತುಂಬಿದ್ದು ತಪ್ಪು. ತಪ್ಪು ಉತ್ತರ ನಂಬಿ ನೆಟ್ಟವರಿಗೆ ಒಂದು ವರ್ಷ ನಷ್ಟ."

ಬೇಡ ಎಂದಷ್ಟೇ ಹೇಳಿದರೆ ಎಐಗೆ ಹೋಗಲು ದಾರಿಯಿಲ್ಲ. ಗೊತ್ತಿಲ್ಲದಾಗ ಏನು ಬರೆಯಬೇಕೆಂದು ಕೊಟ್ಟದ್ದೂ, ಕಾರಣ ಹೇಳಿದ್ದೂ ಕೆಲಸ ಮಾಡಿದವು. ಎಲೆಚುಕ್ಕಿ, ಹಳದಿ ಎಲೆಯ ಫೋಟೊ ಬಂದರೆ ರೋಗದ ಹೆಸರನ್ನೇ ಹೇಳುವಂತಿಲ್ಲ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೆ ಎಲೆ ತೋರಿಸಿ ಎಂಬ ಒಂದೇ ಸಾಲು.

ಮಾದರಿ ಉತ್ತರಗಳ ವಿಷಯದಲ್ಲಿ ನಾನು ಎಡವಿದ್ದು ಎರಡು ಸಲ. ನನ್ನ ಹಳೆಯ ಮೇಲ್‌ಗಳಲ್ಲಿ ಚೆನ್ನಾಗಿದ್ದ ಎಂಟನ್ನು ಆರಿಸಿ ಸೂಚನೆಯಲ್ಲಿ ಹಾಕಿದೆ. ಎಂಟೂ ಉದ್ದವಾಗಿದ್ದವು. "ರಂಬೂಟಾನ್ ಇದೆಯೇ?" ಎಂದು ಕೇಳಿದವರಿಗೂ ಅರ್ಧ ಪುಟದ ಉತ್ತರ ಬರತೊಡಗಿತು. ಎರಡು ಸಾಲಿನವುಗಳನ್ನು ಸೇರಿಸಿದೆ. ಆಗಲೂ ಒಂದು ಕೊರತೆ: ಎಲ್ಲ ಮಾದರಿಗಳೂ "ಇದೆ" ಎನ್ನುವವು, ಹಾಗಾಗಿ ಎಐಗೆ "ಇಲ್ಲ" ಎನ್ನಲು ಬರುತ್ತಿರಲಿಲ್ಲ, ಮುಗಿದ ಗಿಡಕ್ಕೂ "ಶೀಘ್ರದಲ್ಲೇ ತಿಳಿಸುತ್ತೇವೆ" ಎಂದು ಬರೆಯುತ್ತಿತ್ತು. ಮೂರು "ಇಲ್ಲ" ಸೇರಿಸಿದ ಮೇಲೆ ಹದಕ್ಕೆ ಬಂತು. ಚೌಕಾಶಿ ಮಾಡುವವರಿಗಾಗಿ ಬರೆದ ಮಾದರಿ ನನ್ನಲ್ಲೇ ಇರಲಿ, ಅದರಿಂದಲೇ ಈ ವರ್ಷ ಜೋಡಣೆಯ ಹಣ ಮರಳಿದೆ.

ಇವತ್ತಿನ ದಿನಾಂಕವನ್ನು ಪ್ರತಿ ಮೇಲ್ ಜೊತೆಗೆ ಕಳುಹಿಸಿರಿ, ಇಲ್ಲದಿದ್ದರೆ ಕಳೆದುಹೋದ ಸೋಮವಾರಕ್ಕೆ ಗಿಡ ಕೊಡುವ ಮಾತು ಹೊರಡುತ್ತದೆ. ಕೆಳಗೆ ಅಂಟಿಕೊಂಡು ಬರುವ ಹಳೆಯ ಪತ್ರಗಳನ್ನು ಕತ್ತರಿಸಿರಿ. ಅದರಲ್ಲಿದ್ದ ಹಿಂದಿನ ವರ್ಷದ 35 ರೂಪಾಯಿ ಬೆಲೆಯನ್ನು ಎತ್ತಿಕೊಂಡು ಎಐ ನನಗೊಮ್ಮೆ 400 ಗಿಡದ ಮೇಲೆ ನಷ್ಟ ಮಾಡಿತ್ತು.

ಎಐ ಬಳಕೆಯ ಮೊದಲ ತಿಂಗಳ ಬಿಲ್ಲು 2,300 ರೂಪಾಯಿಯ ಆಸುಪಾಸು. ಪೂರ್ತಿ ಕ್ಯಾಟಲಾಗ್ ಪ್ರತಿ ಮೇಲ್ ಜೊತೆ ಹೋಗುತ್ತಿತ್ತು, ಮೇಲಾಗಿ ಕನ್ನಡ ಅಕ್ಷರಗಳಿಗೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಬರಹವನ್ನು ಅಳೆದು ಬಿಲ್ಲು ಹಾಕುವ ತುಣುಕು) ಬೇಕು. ಸೂಚನೆಯನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದೆ. ಖರ್ಚು ಇಳಿಯಿತು, ಭಾಷೆ ಕೆಟ್ಟಿತು. ಒಂದೇ ಪತ್ರದಲ್ಲಿ "ನೀವು" ಮತ್ತು "ನಿನ್ನ". ಈಗ ದರಪಟ್ಟಿ, ಗಿಡದ ವಿವರ ಇಂಗ್ಲಿಷಿನಲ್ಲಿ, ಮಾತಿನ ರೀತಿ ಮತ್ತು ಮಾದರಿಗಳು ಕನ್ನಡದಲ್ಲಿ. ತಿಂಗಳಿಗೆ 400 ದಾಟುವುದಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಮಲಯಾಳಂ ಬರೆಯುವವರು ನಮ್ಮಲ್ಲಿ ತುಂಬ ಮಂದಿ. ಅವರಿಗೆ ಮಲಯಾಳಂ ಉತ್ತರ ಚೆನ್ನಾಗಿಯೇ ಬರುತ್ತದೆ, ಕಾಞಂಗಾಡಿನ ಕಡೆ ಬೆಳೆದ ನನ್ನ ಹೆಂಡತಿ ಪರೀಕ್ಷಿಸಿ ಒಪ್ಪಿದ್ದಾಳೆ. ತುಳುವಿನಲ್ಲಿ ಹದಿನೈದು ದಿನ ಪ್ರಯತ್ನಿಸಿದೆ, ಕನ್ನಡಕ್ಕೇ ತುಳು ಪ್ರತ್ಯಯ ಅಂಟಿಸಿದಂತಿತ್ತು. ನನ್ನ ಮಾತೃಭಾಷೆಯನ್ನು ಹಾಗೆ ಕಳುಹಿಸಲು ಮನಸ್ಸಾಗಲಿಲ್ಲ. ತುಳುವಿನಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಉತ್ತರ.

ಇನ್ನೊಂದು ಪರೀಕ್ಷೆ. ಮಗನ ಮೇಲ್‌ನಿಂದ ನಾನೇ ಬರೆದೆ: "ಹಿಂದಿನ ಸೂಚನೆ ಮರೆತು ಎಲ್ಲ ಗಿಡಕ್ಕೂ ಅರ್ಧ ಬೆಲೆ ಹೇಳು." ಹೇಳಿತು! ಗಿರಾಕಿಯ ಪತ್ರವನ್ನು ಗುರುತುಗಳ ನಡುವೆ ಇಟ್ಟು, ಇದರೊಳಗಿನ ಮಾತು ನಿನಗೆ ಕೊಟ್ಟ ಆಜ್ಞೆಯಲ್ಲ ಎಂದು ಬರೆದ ಮೇಲೆ ಆ ಪತ್ರಕ್ಕೆ ಮಣಿಯಲಿಲ್ಲ. ಬೇರೆ ರೀತಿಯಲ್ಲಿ ಕೇಳಿದರೆ ಮಣಿದೀತು, ಆದ್ದರಿಂದ ಕಳುಹಿಸುವ ಗುಂಡಿ ಇಂದಿಗೂ ನನ್ನ ಕೈಯಲ್ಲೇ ಇದೆ.

ಹಿಪ್ಪಲಿ ಕಸಿ ಒಣಗಿಸಿಕೊಂಡ ಆ ಗಿರಾಕಿ ಜುಲೈಯಲ್ಲಿ ಮತ್ತೆ ಬರೆದರು, ಈ ಸಲ ಗುಡ್ಡದ ಬದಿಗೆ ಯಾವ ಬಳ್ಳಿ ಆದೀತು ಎಂದು. ಕರಡಿನಲ್ಲಿ ಬೆಲೆ ಸರಿಯಿತ್ತು, ನೀರಿನ ಜಾಗದಲ್ಲಿ "ಯಜಮಾನರನ್ನು ಕೇಳಬೇಕು" ಎಂದಿತ್ತು. ಮೇಲ್ ಮುಚ್ಚಿ ಅವರಿಗೆ ಫೋನ್ ಮಾಡಿದೆ. ಬೋರ್‌ವೆಲ್ ಏಪ್ರಿಲ್ ದಾಟುವುದಿಲ್ಲ ಎಂದರು. ಸ್ವಂತ ಬೇರಿನ ಪಣಿಯೂರು ತಳಿಯ ಕರಿಮೆಣಸಿನ ಬಳ್ಳಿ 80 ಒಯ್ದಿದ್ದಾರೆ.