ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿದ ಮೇಲೆ

ತೂಕ ಇಳಿಸಲೆಂದು ಹೊಟ್ಟೆಯನ್ನು ಚಿಕ್ಕದಾಗಿಸಿ ಕರುಳಿನ ದಾರಿಯನ್ನು ಮೊಟಕುಗೊಳಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನನಗೆ ಇದು ಎಂಟನೆಯ ವರ್ಷ. ನಾಲ್ಕನೆಯ ವರ್ಷದಲ್ಲಿ ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ, ಇನ್ನು ಮನಸ್ಸಿನ ಲೆಕ್ಕ ಮಾತ್ರ ಇಡುತ್ತೇನೆ ಎಂದಾಗ ಪರಿಚಿತರಲ್ಲಿ ನಕ್ಕವರೇ ಹೆಚ್ಚು. ಶಸ್ತ್ರಚಿಕಿತ್ಸಕರು ನಗಲಿಲ್ಲ, "ಆರು ತಿಂಗಳಲ್ಲಿ ಹತ್ತು ಕಿಲೋ ಏರಿಸಿಕೊಂಡು ಬರುತ್ತೀರಿ, ನೋಡುತ್ತಿರಿ" ಎಂದರು. ಅಂದಿನಿಂದ ಈವರೆಗೆ ಏರಿದ್ದು ಎರಡೋ ಮೂರೋ ಕಿಲೋ. ಆದ್ದರಿಂದ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ತೂಕ ಇಳಿಯುತ್ತಲೇ ಇದ್ದ ಮೊದಲ ವರ್ಷದ ಸಂಭ್ರಮವನ್ನು ವಿವರಿಸಬೇಕಿಲ್ಲ. ಮೂರನೆಯ ವರ್ಷದಲ್ಲಿ ಏಳೆಂಟು ಕಿಲೋ ಮರಳಿ ಬಂದಾಗ ನಾನು ಕುಸಿದೆ. ಬೆಳಿಗ್ಗೆ ಯಂತ್ರ ತೋರಿಸುವ ಅರ್ಧ ಕಿಲೋ ಹೆಚ್ಚುಕಡಿಮೆಯೇ ಇಡೀ ದಿನದ ನಡತೆಯನ್ನು ತೀರ್ಮಾನಿಸುತ್ತಿತ್ತು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ, ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿದ ಎಸ್‌ಒಎಸ್ ಅಧ್ಯಯನದಲ್ಲಿಯೂ ರೋಗಿಗಳ ಜೀವನದ ಗುಣಮಟ್ಟ ಮೊದಲ ವರ್ಷ ತುದಿ ಮುಟ್ಟಿ, ಆರನೆಯ ವರ್ಷದವರೆಗೆ ಇಳಿಯುತ್ತ ಬಂದು, ಆಮೇಲೆ ಆರಂಭಕ್ಕಿಂತ ಮೇಲಿನ ಮಟ್ಟದಲ್ಲಿ ನಿಂತಿತ್ತು ಎಂಬುದು ಆಗ ನನಗೆ ತಿಳಿದಿದ್ದರೆ, ಆ ಇಳಿಜಾರನ್ನು ನನ್ನೊಬ್ಬನ ಚಾರಿತ್ರ್ಯದೋಷವೆಂದು ಎಣಿಸುತ್ತಿರಲಿಲ್ಲ.

ಮಾಡಿದ ತಪ್ಪುಗಳಲ್ಲಿ ದುಬಾರಿಯಾದದ್ದು ಜೋತುಬಿದ್ದ ಹೊಟ್ಟೆಯ ಚರ್ಮವನ್ನು ತೆಗೆಸಿದ್ದು. ದುಃಖವೆಲ್ಲ ಆ ಚರ್ಮದಲ್ಲಿಯೇ ಇದೆ ಎಂದು ನಂಬಿ, ಬೈಪಾಸ್‌ಗೆ ಕೊಟ್ಟ ಹಣದ ಸುಮಾರು ಮುಕ್ಕಾಲು ಪಾಲನ್ನು ಮತ್ತೆ ಸುರಿದೆ. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ನಡಿಗೆ ಹಗುರವಾಯಿತು, ಮನಸ್ಸು ಇದ್ದಲ್ಲಿಯೇ ಇತ್ತು. ಆಮೇಲಿನ ಮೂರು ವರ್ಷಗಳ ಆಪ್ತಸಮಾಲೋಚನೆಗೆ ತಗುಲಿದ್ದು ಅದರ ಅರ್ಧವೂ ಇರಲಾರದು. ಎರಡನೆಯ ತಪ್ಪು ಮದ್ಯ. ಸಂಜೆಯ ತಿನ್ನುವಿಕೆಗೆ ಬಾಗಿಲು ಮುಚ್ಚಿದ್ದರಿಂದ ಆ ಜಾಗಕ್ಕೆ ಲೋಟ ಬಂದಿತ್ತು. ಬೈಪಾಸ್ ಆದ ಹೊಟ್ಟೆಯಲ್ಲಿ ಅದು ಬಹಳ ಬೇಗ ರಕ್ತಕ್ಕೆ ಸೇರುತ್ತದೆ. ಮೂರನೆಯದು, ಸಣ್ಣಗಾದವನಿಗೆ ಖಿನ್ನತೆಯ ಮಾತ್ರೆ ಯಾಕೆ ಎಂದುಕೊಂಡು ಅದನ್ನು ನಾನಾಗಿ ಬಿಟ್ಟದ್ದು. ಮರಳಿ ಆರಂಭಿಸಿದಾಗ ಸಿಕ್ಕಿದ್ದು ನಿಧಾನವಾಗಿ ಕರಗುವ ಬಗೆಯ ಮಾತ್ರೆ. ಮೂರು ತಿಂಗಳಾದರೂ ಗುಣ ಕಾಣಲಿಲ್ಲ. ಕರುಳಿನ ದಾರಿಯೇ ಮೊಟಕಾಗಿದೆ ಎಂಬುದನ್ನು ನೆನಪಿಸಿದ ಮೇಲೆ ಮನೋವೈದ್ಯರು ಅದೇ ಔಷಧವನ್ನು ಬೇಗ ಕರಗುವ ರೂಪದಲ್ಲಿ ಬರೆದುಕೊಟ್ಟರು, ಹಿಡಿಯಿತು. ಮಧ್ಯೆ ಒಮ್ಮೆ ಎರಡು ತಿಂಗಳ ಆಯಾಸವನ್ನು ಖಿನ್ನತೆಯೆಂದೇ ಬಗೆದಿದ್ದೆ; ರಕ್ತಪರೀಕ್ಷೆಯಲ್ಲಿ ಬಿ12 ತಳ ಸೇರಿತ್ತು. ಅಂದಿನಿಂದ ಮನಸ್ಸು ಕುಗ್ಗಿದರೆ ಮೊದಲು ರಕ್ತ ಕೊಟ್ಟು, ಆಮೇಲೆ ಅಳುತ್ತೇನೆ.

ಈಗ ನಡೆಯುತ್ತಿರುವ ಕ್ರಮ ಇಷ್ಟೇ. ಹದಿನೈದು ದಿನಕ್ಕೊಮ್ಮೆ ಭಾನುವಾರ, ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಪಿಎಚ್‌ಕ್ಯೂ–9 ತುಂಬಿ ಅಂಕವನ್ನು ನೋಟ್‌ಪುಸ್ತಕದಲ್ಲಿ ಬರೆಯುತ್ತೇನೆ. ಸಂಜೆ ಆರರಿಂದ ಏಳೂವರೆಯ ನಡುವೆ ಏನಾದರೂ ಬೇಕೆನಿಸಿದರೆ, ಬೇಕಿದ್ದದ್ದು ಊಟವೋ ಜೊತೆಯೋ ನಿದ್ದೆಯೋ ಎಂದು ಒಂದೇ ಪದ ಬರೆಯುತ್ತೇನೆ. ಮೊದಲ ಎರಡು ತಿಂಗಳ ಪುಟಗಳಲ್ಲಿ ಸುಮಾರು ಮುಕ್ಕಾಲು ಪಾಲು 'ಜೊತೆ' ಎಂದೇ ಇತ್ತು, ನನಗೇ ಆಶ್ಚರ್ಯವಾಯಿತು. ಸತತ ಎರಡು ಬಾರಿ ಅಂಕ ಹತ್ತು ದಾಟಿದರೆ ಸಮಾಲೋಚಕಿಗೆ ಫೋನು; ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಅಂದೇ ಫೋನು. ಚೆನ್ನಾಗಿದ್ದ ದಿನವೇ ಈ ನಿಯಮವನ್ನು ಬರೆದು ಸಹಿ ಹಾಕಿದ್ದೇನೆ, ಏಕೆಂದರೆ ಕೆಟ್ಟ ದಿನದ ನಾನು ವಾದದಲ್ಲಿ ಬಹಳ ಗಟ್ಟಿ. ಕೆನಡಾದ ಒಂಟಾರಿಯೊದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರ ಸ್ವಯಂಹಾನಿಯ ಪ್ರಕರಣಗಳು ಸುಮಾರು ಅರ್ಧದಷ್ಟು ಹೆಚ್ಚಿದ್ದವು. ಅವುಗಳಲ್ಲಿ ಬಹುಪಾಲು ಮೊದಲೇ ಮಾನಸಿಕ ಕಾಯಿಲೆ ಇದ್ದವರವು. ನಾನು ಆ ಗುಂಪಿನವನು, ಆದ್ದರಿಂದ ಈ ನಿಯಮದಲ್ಲಿ ರಿಯಾಯಿತಿ ಇಟ್ಟುಕೊಂಡಿಲ್ಲ. ಈ ಕ್ರಮ ಆರಂಭಿಸಿದಾಗ ಹದಿನಾರು, ಹದಿನೇಳು ಇದ್ದ ಅಂಕ ಈಗ ನಾಲ್ಕೈದರ ಆಸುಪಾಸಿನಲ್ಲಿದೆ. 'ಜೊತೆ' ಎಂದು ಬರೆದ ಸಂಜೆ ನಾನು ಮಾಡುವುದೇನು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದರಲ್ಲಿ ಇನ್ನೊಬ್ಬರಿದ್ದಾರೆ.

ನಡುವೆ ಒಂದು ಚಿಲ್ಲರೆ ಪ್ರಯೋಗವನ್ನೂ ಮಾಡಿದೆ. ಐವತ್ತಕ್ಕೂ ಹೆಚ್ಚು ಕಿಲೋ ಇಳಿದು ಎರಡು ವರ್ಷವಾಗಿದ್ದರೂ ಎಲ್ಲಿಗೆ ಹೋದರೂ ತೋಳಿಲ್ಲದ ಕುರ್ಚಿಯನ್ನೇ ಹುಡುಕುತ್ತಿದ್ದೆ. ಹಾಗಾಗಿ ತೋಳಿನ ಕುರ್ಚಿಯೊಂದನ್ನು ತಂದು, ದಿನಕ್ಕೆ ಹತ್ತು ನಿಮಿಷ ಅದರಲ್ಲಿ ಕುಳಿತು, ತೊಡೆಗೂ ಕುರ್ಚಿಯ ತೋಳಿಗೂ ನಡುವೆ ಅಂಗೈ ತೂರಿಸಿ ನೋಡುತ್ತಿದ್ದೆ. ಅಂಗೈ ಸಲೀಸಾಗಿ ಹೋಗುತ್ತಿತ್ತು, ನಂಬಿಕೆ ಮಾತ್ರ ಬರುತ್ತಿರಲಿಲ್ಲ. ಐದನೆಯ ವಾರದಲ್ಲಿ ಒಂದು ಸಭೆಯಲ್ಲಿ ಯೋಚಿಸದೆಯೇ ತೋಳಿನ ಕುರ್ಚಿಯಲ್ಲಿ ಕುಳಿತಿದ್ದೆ. ಕನ್ನಡಿಯ ಮುಂದೆ ನಿಲ್ಲುವ ಇಂಥದೇ ಪ್ರಯೋಗ ನನಗೆ ಒಗ್ಗಲಿಲ್ಲ, ನಾಲ್ಕು ದಿನಕ್ಕೆ ಬಿಟ್ಟೆ.

ತೂಕ ನೋಡುವುದನ್ನು ಪೂರ್ತಿ ಬಿಟ್ಟಿಲ್ಲ. ಮೂರು ತಿಂಗಳಿಗೊಮ್ಮೆ ಯಂತ್ರವನ್ನು ಅಟ್ಟದಿಂದ ಇಳಿಸುತ್ತೇನೆ. ಹೊಟ್ಟೆಯ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸ್ನೇಹಿತರೊಬ್ಬರು ನನ್ನ ಕ್ರಮವನ್ನೇ ಅನುಸರಿಸಿದರು, ಅವರಿಗೆ ಆ ಅಂಕವೇ ಹೊಸ ತೂಕದ ಯಂತ್ರವಾಗಿ ಭಾನುವಾರಗಳು ಕೆಟ್ಟವು. ಈಗ ಅವರು ತಿಂಗಳಿಗೊಮ್ಮೆ, ಅದೂ ಸಮಾಲೋಚಕಿಯ ಎದುರಿನಲ್ಲಿ ಮಾತ್ರ ತುಂಬುತ್ತಾರೆ. ನೋಟ್‌ಪುಸ್ತಕವನ್ನು ಮನೆಗೆ ತರುವುದಿಲ್ಲ.